ಹಿಮದ ಹಾದಿಗೊಂದು ಲೆಡ್ಜರ್

ಶಿವಮೊಗ್ಗದಲ್ಲಿ ಹುಟ್ಟಿ ಬೆಳೆದವರಿಗೆ ಮಳೆ ಗೊತ್ತು, ಮಂಜು ಗೊತ್ತು, ಇಬ್ಬನಿ ಗೊತ್ತು. ಹಿಮ ಮಾತ್ರ ಗೊತ್ತಿಲ್ಲ. ಎಪ್ಪತ್ತು ದಾಟಿದ ನಾನು ಹಿಮ ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಇಲ್ಲವೇ ಹಳೆಯ ಹಿಂದಿ ಸಿನಿಮಾಗಳ ಹಾಡುಗಳಲ್ಲಿ. ಇಂಥ ನನಗೆ 2023ರ ನವರಾತ್ರಿಯಲ್ಲಿ ಒಂದು ಕೆಲಸ ಗಂಟುಬಿತ್ತು. ಹಿಮದ ಮೇಲೆ ನಾಲ್ಕು ದಿನ, ಹೋಗಿಬರಲು ಸುಮಾರು 470 ಕಿ.ಮೀ. ಕಾಡುಹಾದಿಯ ಪ್ರವಾಸ. ಅದರ ಯೋಜನೆ ತಯಾರಿಸುವ ಕೆಲಸ.

ಕೆಲಸ ಕೊಟ್ಟವನು ಹದಿನಾಲ್ಕು ವರ್ಷದ ಮೊಮ್ಮಗ. ನನ್ನ ಮಗನ ಸಂಸಾರ ಅಮೆರಿಕದ ಉತ್ತರದ ಅಂಚಿನ ಮಿನ್ನೆಸೋಟ ರಾಜ್ಯದಲ್ಲಿದೆ. ಊರಿನ ಹೆಸರು ಡುಲುತ್, ಸುಪೀರಿಯರ್ ಎಂಬ ಸಮುದ್ರದಂಥ ಸರೋವರದ ದಡದಲ್ಲಿದೆ. ಭದ್ರಾವತಿಯಲ್ಲಿ ಬಹುಕಾಲ ಗುಮಾಸ್ತನಾಗಿದ್ದ ನನಗೆ ಡುಲುತ್ ಅಂದರೆ ತೀರಾ ಪರಕೀಯ ಅನಿಸುವುದಿಲ್ಲ, ಯಾಕೆಂದರೆ ಅದೂ ಕಬ್ಬಿಣದ ಊರೇ. ಮೆಸಾಬಿ ಎಂಬ ಬೆಟ್ಟಸಾಲಿನ ಅದಿರು ಅಲ್ಲಿಗೆ ರೈಲಿನಲ್ಲಿ ಬಂದು ಹಡಗು ಹತ್ತುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿ ಬೆಳೆಸಿದ ನಮ್ಮ ಭದ್ರಾವತಿ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದಾಗ ಕೆಮ್ಮಣ್ಣುಗುಂಡಿಯ ಅದಿರೂ ಹೀಗೇ ಕಾಡು ದಾಟಿ ಬರುತ್ತಿತ್ತು. ಬೆಟ್ಟದಿಂದ ತಣಿಗೆಬೈಲಿನವರೆಗೆ ಹಗ್ಗದ ಮೇಲೆ ತೊಟ್ಟಿಲುಗಳಲ್ಲಿ, ಅಲ್ಲಿಂದ ಮುಂದೆ ಪುಟ್ಟ ಟ್ರಾಮ್ ರೈಲಿನಲ್ಲಿ.

ಇಷ್ಟಕ್ಕೂ ಮೊಮ್ಮಗ ಸಾವಿರಾರು ಮೈಲಿ ದೂರದ ಅಜ್ಜನನ್ನು ಯಾಕೆ ಹಿಡಿದುಕೊಂಡ? ಅವನಪ್ಪ ಹೇಳಿದ್ದನಂತೆ, "ನಿಮ್ಮಜ್ಜ ಲೆಕ್ಕ ನೋಡಿ ಸರಿ ಅಂದರೆ ಹೋಗೋಣ." ವಿಡಿಯೊ ಕರೆಯಲ್ಲಿ ಹುಡುಗ ವಾಹನದ ಚಿತ್ರ ತೋರಿಸಿದ. ಸ್ನೋಮೊಬೈಲ್ ಅಂದರೆ ನೋಡಲು ಮೋಟಾರ್ ಬೈಕಿನ ಹಾಗೆ, ಆದರೆ ಚಕ್ರ ಒಂದೂ ಇಲ್ಲ. ಮುಂದೆ ಎರಡು ಜಾರುಪಟ್ಟಿಗಳಿವೆ. ಹ್ಯಾಂಡಲ್ ತಿರುಗಿಸಿದರೆ ಅವು ತಿರುಗುತ್ತವೆ. ಹಿಂದೆ ರಬ್ಬರಿನ ಅಗಲವಾದ ಪಟ್ಟಿ ಟ್ಯಾಂಕರಿನ ಹಲ್ಲುಪಟ್ಟಿಯ ಹಾಗೆ ಸುತ್ತುತ್ತ ಗಾಡಿಯನ್ನು ತಳ್ಳುತ್ತದೆ. ಗೇರು ಬದಲಿಸುವ ರಗಳೆ ಇಲ್ಲ. ಬಲಗೈ ಹೆಬ್ಬೆರಳಿನಿಂದ ಒಂದು ಸಣ್ಣ ಹಿಡಿ ಒತ್ತಿದರೆ ವೇಗ ಏರುತ್ತದೆ. ನಮ್ಮ ಸೈನಿಕರು ಸಿಯಾಚಿನ್‌ನಲ್ಲಿ ಬಳಸುವ ಸ್ನೋ ಸ್ಕೂಟರ್ ಇದೇ ಜಾತಿಯದು.

"ಆಯುಧಪೂಜೆಗೆ ನಿಂಬೆಹಣ್ಣು ಎಲ್ಲಿಡೋದು ಮಾರಾಯ, ಚಕ್ರವೇ ಇಲ್ವಲ್ಲ?" ಅಂತ ನನ್ನವಳು ಪಕ್ಕದಿಂದ ಕೇಳಿದಳು. "ಜಾರುಪಟ್ಟಿಯ ಕೆಳಗಿಡು ಅಜ್ಜಿ, ಆದ್ರೆ ಈ ಚಳಿಗೆ ನಿಂಬೆಹಣ್ಣು ಕಲ್ಲಾಗಿರುತ್ತೆ, ಪಟ್ಟಿನೇ ಮುರಿದೀತು" ಅಂದ ಹುಡುಗ.

ಈ ವಾಹನ ಹುಟ್ಟಿದ ಕಥೆಯನ್ನು ಮಕ್ಕಳು ತಿಳಿದಿರಬೇಕು. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಹಳ್ಳಿಯಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಎಂಬ ಮೆಕ್ಯಾನಿಕ್ ಇದ್ದ. ಹದಿನೈದನೇ ವಯಸ್ಸಿನಲ್ಲೇ ಹಳೆಯ ಫೋರ್ಡ್ ಕಾರಿನ ಎಂಜಿನ್ನಿಗೆ ಫ್ಯಾನು ಜೋಡಿಸಿ, ಹಿಮದ ಮೇಲೆ ಓಡುವ ಬಂಡಿ ಮಾಡಿದವನು. ಅಪ್ಪ ಗಾಬರಿಯಾಗಿ, ಮೊದಲು ಅದನ್ನು ಬಿಚ್ಚಿಹಾಕು ಅಂದನಂತೆ. ಮುಂದೆ 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯ ಕಾಯಿಲೆ ಉಲ್ಬಣಿಸಿತು. ಆಸ್ಪತ್ರೆ ದೂರದಲ್ಲಿತ್ತು. ರಸ್ತೆಗಳೆಲ್ಲ ಹಿಮದಲ್ಲಿ ಹೂತಿದ್ದವು. ಹೋಗಲು ವಾಹನ ಇರಲಿಲ್ಲ, ಮಗು ಉಳಿಯಲಿಲ್ಲ. ಆಮೇಲೆ ಆ ತಂದೆ ಹಿಮದಲ್ಲಿ ಜನರನ್ನು ಸಾಗಿಸುವ ಗಾಡಿಗಾಗಿ ಬಿಡದೆ ದುಡಿದ. 1937ರ ಹೊತ್ತಿಗೆ ಏಳು ಜನ ಕೂರುವ ಗಾಡಿ ತಯಾರಾಯಿತು. ವೈದ್ಯರು, ಅಂಚೆಯವರು, ಶಾಲೆಯ ಮಕ್ಕಳು ಅಂಥ ಗಾಡಿಗಳಲ್ಲಿ ಓಡಾಡಿದರು. ಇಂದು ಕಾಣುವ ಹಗುರವಾದ, ಒಬ್ಬಿಬ್ಬರು ಕೂರುವ ಸ್ಕಿ-ಡೂ ಬಂದದ್ದು 1959ರಲ್ಲಿ. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಡಾಕ್ಟರ ಹತ್ತಿರ ಹೋಗಲಾರದೆ ಹೋದ ಕಥೆಗಳು ನಮ್ಮ ಮಲೆನಾಡಿನ ಅಜ್ಜಿಯಂದಿರಲ್ಲೂ ಇವೆ. ಹಾಗಾಗಿ ಈ ಕಥೆ ಓದಿದ ಮೇಲೆ ಸ್ನೋಮೊಬೈಲ್ ನನಗೆ ಬರೀ ಮೋಜಿನ ಗಾಡಿಯಾಗಿ ಕಾಣಲಿಲ್ಲ.

ಸರಿ, ಯೋಜನೆಗೆ ಬರೋಣ. ಡುಲುತ್‌ನ ಹೊರವಲಯದಿಂದ ಗ್ರ್ಯಾಂಡ್ ಮರೇ ಎಂಬ ಊರಿನ ತನಕ 146 ಮೈಲಿಯ, ಅಂದರೆ ಸುಮಾರು 235 ಕಿ.ಮೀ.ಯ ಒಂದು ಹಾದಿಯಿದೆ. ಹೆಸರು ನಾರ್ತ್ ಶೋರ್ ಸ್ಟೇಟ್ ಟ್ರೇಲ್. ಸರೋವರದ ದಡಕ್ಕಿಂತ ಒಳಗೆ, ಗುಡ್ಡದ ಮೇಲಿನ ಕಾಡಿನಲ್ಲಿ ಸಾಗುತ್ತದೆ. ನಡುನಡುವೆ ಕವಲುಹಾದಿ ಹಿಡಿದು ಇಳಿದರೆ ಊರುಗಳು ಸಿಗುತ್ತವೆ: ಟೂ ಹಾರ್ಬರ್ಸ್, ಸಿಲ್ವರ್ ಬೇ, ಫಿನ್‌ಲೆಂಡ್, ಟಾಫ್ಟಿ. ಹೌದು, ಫಿನ್‌ಲೆಂಡ್ ಅಂತಲೇ ಒಂದು ಊರು. ಆ ದೇಶದಿಂದ ವಲಸೆ ಬಂದವರು ನೆಲೆಸಿದ್ದಕ್ಕೆ ಆ ಹೆಸರು. 2024ರ ಫೆಬ್ರವರಿ 16ರಿಂದ 19, ಶುಕ್ರವಾರದಿಂದ ಸೋಮವಾರ, ಎಂದು ದಿನ ಗೊತ್ತಾಯಿತು. ಸೋಮವಾರ ಅಲ್ಲಿ ರಜೆ. ದಾರಿ ಬಲ್ಲವನಾದ ಮಗನ ಸ್ನೇಹಿತ ತನ್ನ ಗಾಡಿಯಲ್ಲಿ ಮುಂದೆ, ಬಾಡಿಗೆ ಗಾಡಿಯಲ್ಲಿ ಅಪ್ಪ-ಮಗ ಹಿಂದೆ.

ನಾನು ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಲೆಡ್ಜರಿನಂತೆ ಗೆರೆ ಹಾಕಿದೆ. ತಾರೀಖು, ಎಲ್ಲಿಂದ ಎಲ್ಲಿಗೆ, ಕಿಲೋಮೀಟರು, ಪೆಟ್ರೋಲು, ಕತ್ತಲಾಗುವ ಹೊತ್ತು, ಷರಾ. ಒಟ್ಟು ಆರು ಕಾಲಂ. ಮೊಮ್ಮಗ ಕಳಿಸಿದ ಯೋಜನೆಯಲ್ಲಿ ಹೋಗುವುದರ ವಿವರ ಎರಡು ಪುಟ ಇತ್ತು. ಎಲ್ಲಿ ಫೋಟೊ, ಎಲ್ಲಿ ಹಾಟ್ ಚಾಕೊಲೇಟ್, ಎಲ್ಲಿ ಊಟ ಎಲ್ಲ. ಬರುವುದರ ವಿವರ ಒಂದೇ ಸಾಲು: "ಅದೇ ದಾರಿಯಲ್ಲಿ ವಾಪಸ್."

ಬ್ಯಾಂಕಿನಲ್ಲಿ ನಗದು ಕೌಂಟರಿನಲ್ಲಿ ಕೂತವರಿಗೆ ಒಂದು ಅಭ್ಯಾಸ ಬೆಳೆದಿರುತ್ತದೆ. ಬೆಳಿಗ್ಗೆ ತಿಜೋರಿಯಿಂದ ಹಣ ತೆಗೆಯುವಾಗಲೇ ಸಂಜೆ ಮುಚ್ಚುವ ಲೆಕ್ಕ ತಲೆಯಲ್ಲಿರುತ್ತದೆ. ಭದ್ರಾವತಿಯಲ್ಲಿ ಸಂಬಳದ ದಿನ ಕೌಂಟರಿನ ಮುಂದೆ ಸಾಲು ಬೀದಿಗೆ ಬರುತ್ತಿತ್ತು. ಎಷ್ಟೇ ಗದ್ದಲವಿರಲಿ, ಸಂಜೆ ಶಿಲ್ಕು ಕೂಡದೆ ಯಾರೂ ಮನೆಗೆ ಹೋಗುವಂತಿಲ್ಲ. "ಪುಟ್ಟಾ, ಹೋಗೋದು ಖರ್ಚು, ಬರೋದು ಜಮಾ. ಜಮಾ ಕಡೆ ಒಂದೇ ಸಾಲು ಬರೆದರೆ ಹೇಗೆ?" ಅಂದೆ. ಅವನು ನಕ್ಕ, ಆದರೆ ಬರೆದುಕೊಂಡ.

ಮೊದಲು ಪೆಟ್ರೋಲು. ಗಾಡಿ ಲೀಟರಿಗೆ ಐದಾರು ಕಿಲೋಮೀಟರು ಕೊಡುತ್ತದೆ, ಟ್ಯಾಂಕಿಗೆ 40 ಲೀಟರಿನ ಆಸುಪಾಸು ಹಿಡಿಯುತ್ತದೆ ಅಂದ. ಐದೇ ಅಂತ ಹಿಡಿದರೆ ಒಟ್ಟು 200 ಕಿ.ಮೀ. "ಒಂದು ದಿನಕ್ಕೆ ಧಾರಾಳ ಸಾಕು ಅಜ್ಜಾ!" ನಾನು ಮೂರು ಪಾಲು ಮಾಡಿಸಿದೆ. ಒಂದು ಪಾಲು ಹೋಗಲು, ಒಂದು ಪಾಲು ಮುಂದೆ ದಾರಿ ಮುಚ್ಚಿದ್ದರೆ ತಿರುಗಿ ಬರಲು, ಇನ್ನೊಂದು ಪಾಲು ಮುಟ್ಟದೆ ಇಡಲು. ಹಾಗೆ ನೋಡಿದರೆ 65 ಕಿ.ಮೀ.ಗೊಮ್ಮೆ ಬಂಕ್ ಸಿಗಲೇಬೇಕು. ಹುಡುಗ ನಕಾಶೆ ಹರಡಿಕೊಂಡು ಕೂತು, ಟೂ ಹಾರ್ಬರ್ಸ್‌ನಲ್ಲಿ ಒಮ್ಮೆ, ಸಿಲ್ವರ್ ಬೇಯಲ್ಲಿ ಒಮ್ಮೆ ತುಂಬಿಸಿಕೊಂಡು ಮೊದಲ ರಾತ್ರಿ ಫಿನ್‌ಲೆಂಡಿನಲ್ಲಿ ತಂಗುವುದು ಅಂತ ಗುರುತು ಮಾಡಿದ. ಎರಡನೆಯ ದಿನ ಟಾಫ್ಟಿ ಮೇಲೆ ಗ್ರ್ಯಾಂಡ್ ಮರೇ. ಮೂರು, ನಾಲ್ಕನೆಯ ದಿನ ವಾಪಸು. ಅಲ್ಲಿ ಫೆಬ್ರವರಿಯ ಮಧ್ಯದಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ನಾಲ್ಕು ಗಂಟೆಗೆ ಗಾಡಿ ನಿಲ್ಲಬೇಕು ಅಂತ ಷರಾ ಬರೆಸಿದೆ.

ಆಮೇಲೆ ಚಳಿ. ಇದರಲ್ಲಿ ಅವನೇ ನನಗೆ ಮೇಷ್ಟ್ರು. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 48 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಅದು ಸೊನ್ನೆಗಿಂತ 32 ಡಿಗ್ರಿ ಕೆಳಗಿನ ಹಾಗಿರುತ್ತದೆ. ಮುಚ್ಚದೆ ಬಿಟ್ಟ ಮೂಗು, ಕಿವಿ ಅರ್ಧ ಗಂಟೆಯಲ್ಲಿ ಮರಗಟ್ಟಿ ಹಾನಿಯಾಗಬಹುದು. ಗಾಳಿಯೇ ಇಲ್ಲದ ದಿನವೂ ಗಾಡಿ ಅಷ್ಟು ವೇಗದಲ್ಲಿ ಓಡಿದರೆ ಸವಾರನಿಗೆ ಗಾಳಿ ಹುಟ್ಟಿಕೊಳ್ಳುತ್ತದೆ. ನಾನು ಹತ್ತಿ ಬನಿಯನ್ ಎರಡು ಹಾಕಿಕೋ ಅಂದೆ. "ಹತ್ತಿ ಬೇಡವೇ ಬೇಡ ಅಜ್ಜಾ, ಬೆವರು ಹೀರಿ ಒದ್ದೆಯಾಗಿ ಮೈ ತಣ್ಣಗಾಗುತ್ತೆ. ಒಳಗೆ ಉಣ್ಣೆ, ಮೇಲೆ ಗಾಳಿ ತಡೆಯೋದು." ಬಿಸಿಲೂರಿನಲ್ಲಿ ಬೆವರು ಹೀರುವುದಕ್ಕೇ ನಾವು ಹತ್ತಿ ಉಡುತ್ತೇವೆ. ಅಲ್ಲಿ ಅದೇ ಗುಣ ಶತ್ರು.

ಮಿನ್ನೆಸೋಟದಲ್ಲಿ ಒಂದು ಕಾನೂನಿದೆ. 1976ರ ನಂತರ ಹುಟ್ಟಿದ ಯಾರೇ ಆಗಲಿ, ಸುರಕ್ಷತೆಯ ಪಾಠ ಕಲಿತು ಪ್ರಮಾಣಪತ್ರ ಪಡೆಯದೆ ಸ್ನೋಮೊಬೈಲ್ ಓಡಿಸುವಂತಿಲ್ಲ. ಅಪ್ಪ-ಮಗ ಇಬ್ಬರೂ ಕಲಿತರು. ಮಗನಿಗೆ ಅಪ್ಪನಿಗಿಂತ ಎರಡು ಅಂಕ ಹೆಚ್ಚು ಬಂದದ್ದು ನಮ್ಮ ಮನೆಯಲ್ಲಿ ಒಂದು ವಾರದ ಸುದ್ದಿ. ಕೈಸನ್ನೆಗಳನ್ನು ಅವನು ಅಜ್ಜಿಗೂ ಕಲಿಸಿದ. ಎದುರಿನಿಂದ ಬೇರೆ ಗುಂಪು ಬಂದರೆ ನಮ್ಮ ಹಿಂದೆ ಇನ್ನೆಷ್ಟು ಗಾಡಿ ಇವೆಯೋ ಅಷ್ಟು ಬೆರಳು ತೋರಿಸಬೇಕು. ಕೊನೆಯ ಸವಾರ ಮುಷ್ಟಿ ತೋರಿಸುತ್ತಾನೆ, ನನ್ನ ಹಿಂದೆ ಯಾರೂ ಇಲ್ಲ ಅಂತ. ಮೂಸ್ ಎಂಬ ದೈತ್ಯ ಕಡವೆ ಹಾದಿಯಲ್ಲಿ ನಿಂತಿದ್ದರೆ ಅಟ್ಟಬಾರದು. ಹದ ಮಾಡಿದ ಹಾದಿಯಲ್ಲಿ ನಡೆಯುವುದು ಅದಕ್ಕೂ ಸುಲಭ, ಅದು ತಾನಾಗಿ ಸರಿಯುವ ತನಕ ದೂರ ನಿಲ್ಲಬೇಕು. ಸಕ್ರೆಬೈಲಿನ ದಾರಿಯಲ್ಲಿ ಆನೆ ಅಡ್ಡ ನಿಂತರೆ ನಾವೂ ಮಾಡುವುದು ಅದನ್ನೇ ತಾನೆ?

ಕಾಡಿನಲ್ಲಿ ಮೊಬೈಲು ಸಿಗುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಅಂಗೈಯಗಲದ ಯಂತ್ರ ಒಯ್ಯುತ್ತೇವೆ ಅಂದ. ಅದು ಸರಿ, ಆದರೆ ಸಂದೇಶ ಬರದಿದ್ದರೆ ಏನು ಮಾಡಬೇಕು ಎಂಬುದನ್ನು ಬಲ್ಲ ಒಬ್ಬರು ಮನೆಯಲ್ಲಿರಬೇಕು ಅಂದೆ. ಇದನ್ನು ನಾನು ಕಲಿತದ್ದು ನಿಟ್ಟೂರಿನಲ್ಲಿ.

1979ರ ಅಕ್ಟೋಬರ್‌ನಲ್ಲಿ ಬ್ಯಾಂಕಿನ ನಾವು ಐದು ಜನ ಗೆಳೆಯರು ನಿಟ್ಟೂರಿನ ಕಡೆಯಿಂದ ಕೊಡಚಾದ್ರಿ ಹತ್ತಲು ಹೊರಟಿದ್ದೆವು. ಬೆಟ್ಟದ ಎತ್ತರ 1,343 ಮೀಟರ್. ಇಂಬಳಕ್ಕೆ ಉಪ್ಪಿನ ಗಂಟು, ಎರಡು ಟಾರ್ಚು, ಅವಲಕ್ಕಿ, ಒಂದು ಚಾಕು. ಚಹದಂಗಡಿಯ ಹಿರಿಯರೊಬ್ಬರು ನಮ್ಮ ಹೆಸರು ಕೇಳಿ, ಎಷ್ಟು ಜನ ಎಂದು ಎಣಿಸಿ, "ನಾಳೆ ದೀಪ ಹಚ್ಚೋ ಹೊತ್ತಿಗೆ ನನಗೆ ಮುಖ ತೋರಿಸಿ ಹೋಗಬೇಕು. ಇಲ್ದಿದ್ರೆ ಆಳು ಕರ್ಕೊಂಡು ನಾನೇ ಬರ್ತೇನೆ" ಅಂದರು. ಮರುದಿನ ತುದಿ ಇನ್ನೊಂದು ಗಂಟೆಯ ದಾರಿ ಅನ್ನುವಾಗ ಮಂಜು ಕವಿದು ಪಕ್ಕದವನ ಬೆನ್ನು ಕಾಣದಾಯಿತು. ಒಬ್ಬ ಮುಂದೆ ಹೋಗೋಣ ಅಂದ. ಉಳಿದವರಿಗೆ ಆ ಹಿರಿಯರ ನೆನಪಾಯಿತು. ತಿರುಗಿದೆವು. ದೀಪ ಹಚ್ಚುವ ಮೊದಲೇ ಅಂಗಡಿಯ ಮುಂದೆ ಐದೂ ಜನ ನಿಂತೆವು. ಅವರು ಎಣಿಸಿದರು, ಚಹ ಕೊಟ್ಟರು. ತುದಿ ನೋಡಿದ್ದು ಮುಂದಿನ ವರ್ಷ.

ಈ ಕಥೆ ಕೇಳಿ ಮೊಮ್ಮಗ ಅಂದ, "ಹಾಗಾದ್ರೆ ನಮ್ಮ ಚಹದಂಗಡಿ ಅಜ್ಜ ನೀನೇ ಆಗು." ಅಲ್ಲಿ ನನ್ನ ಸೊಸೆ ಮೊದಲ ಕಾವಲು, ಇಲ್ಲಿ ನಾನು ಎರಡನೆಯವನು. ಅಲ್ಲಿ ಸಂಜೆ ಐದೂವರೆ ಅಂದರೆ ನಮಗೆ ಮರುದಿನ ಬೆಳಗಿನ ಐದು. ಹೇಗೂ ನಾನು ಎದ್ದಿರುವ ಹೊತ್ತು. ಆ ಹೊತ್ತಿಗೆ ಸಂದೇಶ ಬರಬೇಕು. ಎರಡು ಗಂಟೆ ತಡವಾದರೆ ತಂಗುವ ಮನೆಗೆ ಸೊಸೆಯ ಫೋನು. ಅಲ್ಲಿಗೂ ಬಂದಿಲ್ಲ ಅಂದರೆ ಆ ಜಿಲ್ಲೆಯ ಷೆರಿಫ್ ಕಚೇರಿಗೆ. ಕಾಡಿನಲ್ಲಿ ಹುಡುಕುವ ಹೊಣೆ ಅವರದು. ಎಲ್ಲ ಷರಾ ಕಾಲಮ್ಮಿನಲ್ಲಿ ಬರೆದೆ. "ಮಾವ, ಇಷ್ಟೆಲ್ಲ ಬರೆದಿದ್ದು ನೋಡಿ ನನಗೆ ಧೈರ್ಯ ಬಂತು" ಅಂದಳು ಸೊಸೆ.

ಕೊನೆಯದಾಗಿ ನಾನು ಬರೆಸಿದ ಸಾಲು ಹುಡುಗನಿಗೆ ಇಷ್ಟವಾಗಲಿಲ್ಲ: "ಫೆಬ್ರವರಿ 1ರೊಳಗೆ ಹಾದಿ ತೆರೆಯದಿದ್ದರೆ ಪ್ರವಾಸ ಇಲ್ಲ." ಬಾಡಿಗೆಯ ಮುಂಗಡ ವಾಪಸ್ ಸಿಗುವ ಕೊನೆಯ ದಿನವೂ ಅದೇ ಆಗಿತ್ತು. "ಯಾಕೆ ಅಜ್ಜಾ, ಡುಲುತ್‌ನಲ್ಲಿ ಹಿಮ ಬೀಳದೇ ಇರುತ್ತಾ?" ಅಂದ.

ಆ ವರ್ಷ ಬೀಳಲಿಲ್ಲ. 2023-24ರ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲವಾಯಿತು. ಕ್ರಿಸ್‌ಮಸ್ ಕಳೆದರೂ ಹಾದಿಯಲ್ಲಿ ಹುಲ್ಲು ಕಾಣುತ್ತಿತ್ತು. ಒಂದು ಕಾಲದಲ್ಲಿ ಅದೇ ದಡದಲ್ಲಿ ಜಾನ್ ಬೇರ್‌ಗ್ರೀಸ್ ಎಂಬ ಆದಿವಾಸಿ ಅಂಚೆಯಾಳು ಚಳಿಗಾಲದಲ್ಲಿ ನಾಯಿಬಂಡಿಯಲ್ಲಿ ಟಪಾಲು ಒಯ್ಯುತ್ತಿದ್ದ. ಅವನ ಹೆಸರಿನಲ್ಲಿ ವರ್ಷವೂ ನಡೆಯುವ ನಾಯಿಬಂಡಿ ಓಟವೂ 2024ರಲ್ಲಿ ಹಿಮವಿಲ್ಲದೆ ರದ್ದಾಯಿತು.

ಮೊಮ್ಮಗ ಬೇರೆ ದಾರಿ ಹುಡುಕಿದ. ಹಾದಿ ಇಲ್ಲದಿದ್ದರೇನು, ಹೆಪ್ಪುಗಟ್ಟಿದ ಕೆರೆಗಳ ಮೇಲೆ ಓಡಿಸಬಹುದಲ್ಲ? ನಾನು ಕೇಳಿದೆ, "ಮಂಜುಗಡ್ಡೆ ಎಷ್ಟು ದಪ್ಪ ಇರಬೇಕು ಅಂತ ಪಾಠದಲ್ಲಿ ಹೇಳಿದ್ದಾರೆ?" ನಡೆಯಲು ನಾಲ್ಕು ಅಂಗುಲ, ಸ್ನೋಮೊಬೈಲಿಗೆ ಅದಕ್ಕಿಂತ ಎರಡು ಮೂರು ಅಂಗುಲ ಹೆಚ್ಚು. ಅದೂ ಒಂದು ಕಡೆ ಅಳೆದರೆ ಸಾಲದು, ಹೋಗ್ತಾ ಹೋಗ್ತಾ ಅಳೆಯುತ್ತಿರಬೇಕು. "ಈ ವರ್ಷ ಅಷ್ಟಿದೆಯಾ?" ಅವನು ಸುಮ್ಮನಾದ. ಡಿಸೆಂಬರ್ ಕೊನೆಯಲ್ಲಿ ಅದೇ ರಾಜ್ಯದ ಅಪ್ಪರ್ ರೆಡ್ ಲೇಕ್ ಎಂಬ ಸರೋವರದಲ್ಲಿ ಮಂಜುಗಡ್ಡೆಯ ದೊಡ್ಡ ಹಾಳೆ ಬಿರಿದು, ಅದರ ಮೇಲೆ ಮೀನು ಹಿಡಿಯುತ್ತಿದ್ದ ನೂರಕ್ಕೂ ಹೆಚ್ಚು ಜನ ದಡದಿಂದ ಬೇರ್ಪಟ್ಟು, ಅವರನ್ನು ದೋಣಿಗಳಲ್ಲಿ ಕರೆತರಬೇಕಾಗಿತ್ತು. ಅದು ಅವನಿಗೂ ಗೊತ್ತಿತ್ತು.

ಫೆಬ್ರವರಿ 1ರಂದು ಮಗ ಮುಂಗಡ ವಾಪಸ್ ಪಡೆದ. ಹುಡುಗ ಎರಡು ದಿನ ನನ್ನ ಕರೆ ತೆಗೆದುಕೊಳ್ಳಲಿಲ್ಲ. ಮೂರನೆಯ ದಿನ ನಾನು ಭದ್ರಾವತಿಯ ಹತ್ತಿರ, ನನ್ನವಳ ತಮ್ಮನ ಅಡಿಕೆ ತೋಟದಲ್ಲಿದ್ದಾಗ ಅವನೇ ಕರೆ ಮಾಡಿದ. ಪೆಚ್ಚುಮೋರೆ. ಏನೂ ಹೇಳದೆ ಫೋನಿನ ಕ್ಯಾಮೆರಾ ತಿರುಗಿಸಿ ತೋಟದ ಪಕ್ಕದ ಕಾಲುವೆ ತೋರಿಸಿದೆ. ತಳದಲ್ಲಿ ಬರೀ ಬಿರುಕು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. 186 ಅಡಿಯ ಭದ್ರಾ ಜಲಾಶಯ ತುಂಬಿರಲಿಲ್ಲ. ನೀರು ಯಾವಾಗ ಬಿಡುವುದು, ಯಾವಾಗ ನಿಲ್ಲಿಸುವುದು ಎಂಬುದಕ್ಕೇ ರೈತರ ನಡುವೆ ಜಗಳ. ಹುಡುಗ ಸ್ವಲ್ಪ ಹೊತ್ತು ನೋಡಿ, "ನಿಮ್ಮ ಮಳೆನೂ ಬರಲಿಲ್ವಾ ಅಜ್ಜಾ? ಈಗ ಮಾವಜ್ಜ ಏನ್ ಮಾಡ್ತಾರೆ?" ಅಂತ ಕೇಳಿದ. ಮಾವಜ್ಜನೇ ಫೋನು ಇಸಿದುಕೊಂಡು ಹೇಳಿದ, "ಇರೋ ನೀರನ್ನ ಎಳೇ ಗಿಡಕ್ಕೆ ಮೊದಲು ಕೊಡ್ತೀನಿ ಮಗಾ. ಹೊಸ ಗಿಡ ನೆಡೋದು ಮುಂದಿನ ವರ್ಷಕ್ಕೆ."

ಆ ದಿನ ನಾನವನಿಗೆ ರಾಲ್ಫ್ ಪ್ಲೇಸ್ಟೆಡ್ ಎಂಬವನ ಕಥೆ ಹೇಳಿದೆ. ಅವನೂ ಮಿನ್ನೆಸೋಟದವನೇ. ವಿಜ್ಞಾನಿಯಲ್ಲ, ಸೈನ್ಯದ ಅಧಿಕಾರಿಯಲ್ಲ, ವಿಮೆ ಮಾರುವವನು. ನನ್ನ ಹಾಗೆ ಕಾಗದಪತ್ರದ ಮನುಷ್ಯ. ಸ್ನೋಮೊಬೈಲಿನಲ್ಲಿ ಉತ್ತರ ಧ್ರುವಕ್ಕೆ ಹೋಗುತ್ತೇನೆಂದು 1967ರಲ್ಲಿ ಹೊರಟ, ಗುರಿ ಮುಟ್ಟದೆ ವಾಪಸಾದ. ಮರುವರ್ಷ ಮತ್ತೆ ಹೊರಟು 1968ರ ಏಪ್ರಿಲ್‌ನಲ್ಲಿ ಸಂಗಡಿಗರೊಂದಿಗೆ ಧ್ರುವ ತಲುಪಿದ. ದಾರಿ ಗುರುತಿಸುವ ಹೊಣೆ ಹೊತ್ತವನು ಒಬ್ಬ ಭೂಗೋಳದ ಮೇಷ್ಟ್ರು. ತಂಡದಲ್ಲಿ ಬೊಂಬಾರ್ಡಿಯರ್ ಮನೆತನದ ಹುಡುಗನೂ ಇದ್ದ. ಅಮೆರಿಕದ ವಾಯುಪಡೆಯ ವಿಮಾನ ಮೇಲೆ ಹಾರಿ, ಹೌದು, ನೀವು ನಿಂತಿರುವುದು ಧ್ರುವದ ಮೇಲೇ ಎಂದು ಖಚಿತಪಡಿಸಿತು. "ಮೊದಲನೇ ಸಲ ಅವನು ಜೀವಂತ ವಾಪಸ್ ಬಂದಿದ್ದಕ್ಕೇ ಅಲ್ವಾ ಎರಡನೇ ಸಲ ಹೋಗೋಕಾಗಿದ್ದು?" ಅಂದ ಮೊಮ್ಮಗ. ನಾನು ಹೇಳಬೇಕೆಂದಿದ್ದ ಮಾತನ್ನು ಅವನೇ ಹೇಳಿದ್ದರಿಂದ ನನಗೆ ಬೇರೆ ಮಾತು ಉಳಿಯಲಿಲ್ಲ.

2024ರ ಮಳೆಗಾಲ ಚೆನ್ನಾಗಿ ಬಂತು, ಭದ್ರೆ ತುಂಬಿದಳು, ಮಾವಜ್ಜ ಹೊಸ ಅಡಿಕೆ ಗಿಡ ನೆಟ್ಟ. ಹಿಮದ ಪ್ರವಾಸ ಇನ್ನೂ ಆಗಿಲ್ಲ. ಆದರೆ ಲೆಡ್ಜರಿನ ಪುಟವನ್ನು ನಾನು ಹೊಡೆದುಹಾಕಿಲ್ಲ, ಕೆಳಗೆ "ಶಿಲ್ಕು ಮುಂದಕ್ಕೆ" ಅಂತ ಬರೆದು ಹೊಸ ಪುಟಕ್ಕೆ ಒಯ್ದಿದ್ದೇನೆ. ಹೊಸ ಪುಟವನ್ನು ಮೊಮ್ಮಗನೇ ತುಂಬಿ ಕಳಿಸಿದ. ಈ ಸಲ ವಾಪಸು ಬರುವ ಎರಡು ದಿನಗಳನ್ನು ಮೊದಲು ಬರೆದಿದ್ದಾನೆ.

ಮಕ್ಕಳೇ, ನಿಮಗೆ ಹಿಮದ ಹಾದಿ ಸಿಗದಿದ್ದರೂ ಕೊಡಚಾದ್ರಿ, ಕುಂದಾದ್ರಿ, ಕೆಮ್ಮಣ್ಣುಗುಂಡಿ ಇವೆಯಲ್ಲ. ಮುಂದಿನ ರಜೆಯಲ್ಲಿ ಹೊರಡುವ ಮೊದಲು ಆರು ಕಾಲಂ ಗೆರೆ ಹಾಕಿ, ಮನೆಯ ಅಜ್ಜ-ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಷರಾ ಕಾಲಮ್ಮಿಗೆ ಏನು ಬರೆಯಬೇಕೆಂದು ಅವರಿಗೆ ಗೊತ್ತಿರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರಿಗೆ ಮುಖ ತೋರಿಸುವುದನ್ನು ಮಾತ್ರ ಮರೆಯಬೇಡಿ.